ಹಾವಿನ ಬಾಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ ‘ಹೊಸದು’ ಅಂತ ಗೊತ್ತಾಗುವುದು ಹೇಗೆ?

‘ಹಾವಿನ ಬಾಯಲ್ಲಿ ಹೊಸ ಬ್ಯಾಕ್ಟೀರಿಯಾ ಪತ್ತೆ’ ಅಂತ ಸುದ್ದಿ ಬಂದರೆ ನಮ್ಮ ಕಣ್ಣು ಮೊದಲು ಹೋಗುವುದು ‘ಹಾವು’ ಅನ್ನುವ ಪದಕ್ಕೆ. ಆಮೇಲೆ ‘ಬ್ಯಾಕ್ಟೀರಿಯಾ’. ಎರಡೂ ಒಟ್ಟಿಗೆ ಬಂದ ಮೇಲೆ ಹೆದರಲು ಬೇರೆ ಕಾರಣ ಬೇಡ. ನಡುವೆ ಕೂತಿರುವ ‘ಹೊಸ’ ಅನ್ನುವ ಪುಟ್ಟ ಪದವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಲ್ಯಾಬಿನಲ್ಲಿ ಕೂತವರ ನಿದ್ದೆ ಕೆಡಿಸುವುದು ಮಾತ್ರ ಅದೇ ಪದ. ಹಾವಿನ ಬಾಯಿಗೆ ಹತ್ತಿ ಕಡ್ಡಿ ಹಾಕುವುದು ಕೆಲವು ಸೆಕೆಂಡುಗಳ ಕೆಲಸ. ಅದರಲ್ಲಿ ಸಿಕ್ಕಿದ್ದು ಹೊಸದು ಅಂತ ನಾಲ್ಕು ಜನರ ಮುಂದೆ ಸಾಬೀತು ಮಾಡುವುದಕ್ಕೆ ತಿಂಗಳುಗಟ್ಟಲೆ ಬೇಕು.

ಒಂದು ನಿಜವಾದ ಉದಾಹರಣೆಯನ್ನೇ ಹಿಡಿದು ನೋಡೋಣ. 2016ರಲ್ಲಿ ಹಾಂಗ್‌ಕಾಂಗ್‌ನ ಸಂಶೋಧಕರು ಚೀನೀ ನಾಗರಹಾವುಗಳ ಬಾಯಿಂದ ಸಿಕ್ಕ ಒಂದು ಬ್ಯಾಕ್ಟೀರಿಯಾವನ್ನು ಹೊಸ ಪ್ರಭೇದ ಅಂತ ಪ್ರಕಟಿಸಿದರು. ಹೆಸರು ತ್ಸುಕಮುರೆಲ್ಲಾ ಸರ್ಪೆಂಟಿಸ್. ಮೊದಲ ಪದ ಕುಲದ ಹೆಸರು. ಕ್ಷಯ ರೋಗಾಣುವಿನ ಬಳಗವನ್ನು ಅಧ್ಯಯನ ಮಾಡಿದ ಜಪಾನಿನ ಮಿಚಿಯೊ ತ್ಸುಕಮುರಾ ಅವರ ಗೌರವಕ್ಕೆ 1988ರಲ್ಲಿ ಇಟ್ಟದ್ದು. ಎರಡನೆಯದು ಲ್ಯಾಟಿನ್, ‘ಹಾವಿನ’ ಅಂತ ಅರ್ಥ. ನಮಗಂತೂ ಅನುವಾದವೇ ಬೇಡ. ‘ಸರ್ಪ’ ಮತ್ತು ‘ಸರ್ಪೆಂಟಿಸ್’ ಒಂದೇ ಬೇರಿನ ಪದಗಳು. ಎರಡರ ಮೂಲದಲ್ಲೂ ಇರುವುದು ತೆವಳುವುದು, ಹರಿಯುವುದು ಅನ್ನುವ ಅರ್ಥವೇ.

ಇಲ್ಲಿ ‘ಹೊಸದು’ ಅಂದರೆ ಮೊನ್ನೆ ಮೊನ್ನೆ ಹುಟ್ಟಿದ್ದು ಅಂತಲ್ಲ. ಹಾವಿಗೆ ಅದು ಹಳೇ ಪರಿಚಯವೇ ಇರಬಹುದು. ನಮ್ಮ ಪಟ್ಟಿಯಲ್ಲಿ ಇರಲಿಲ್ಲ, ಅಷ್ಟೆ. ಪಟ್ಟಿಯಲ್ಲಿ ಇಲ್ಲ ಅಂತ ಹೇಳಬೇಕಾದರೆ ಪಟ್ಟಿಯಲ್ಲಿರುವ ಹತ್ತಿರದ ಸಂಬಂಧಿಗಳ ಪಕ್ಕದಲ್ಲೆಲ್ಲ ನಿಲ್ಲಿಸಿ ‘ಇದು ಅದಲ್ಲ, ಇದೂ ಅಲ್ಲ’ ಅಂತ ತೋರಿಸಬೇಕು. ಇಡೀ ಕೆಲಸ ಅದೇ.

ಬಾಯಿಂದ ತಟ್ಟೆಗೆ

ಹಾವಿನ ಬಾಯಿ ಎಂಥ ಜಾಗ ಅಂತ ಒಮ್ಮೆ ಯೋಚಿಸಿ. ಅದು ಅಗಿಯುವುದಿಲ್ಲ, ಇಡಿಯಾಗಿ ನುಂಗುತ್ತದೆ. ಇಲಿಯ ತಲೆ ಮೊದಲು ಒಳಗೆ ಹೋಗುತ್ತದೆ, ಆಮೇಲೆ ರೋಮದ ಸಮೇತ ಮೈ, ಕೊನೆಗೆ ಬಾಲ. ಬಾಯಿ ತುಂಬಿದ್ದರೂ ಉಸಿರು ಕಟ್ಟದಿರಲಿ ಅಂತ ಉಸಿರಿನ ಕೊಳವೆಯ ತುದಿ ಕೆಳದವಡೆಯ ಮೇಲೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಸಾಯುವ ಇಲಿ ಎಷ್ಟೋ ಸಲ ಹಾವಿನ ಬಾಯೊಳಗೇ ಹಿಕ್ಕೆ ಹಾಕಿಬಿಡುತ್ತದೆ. ಹಾಗಾಗಿ ಹಾವಿನ ಬಾಯಲ್ಲಿ ಸಿಗುವ ಬ್ಯಾಕ್ಟೀರಿಯಾಗಳಲ್ಲಿ ಹಲವು ಹಾವಿನವೇ ಅಲ್ಲ, ಅದರ ಊಟದ ಕರುಳಿನವು ಅನ್ನುವುದು ಹಳೆಯ, ಈಗಲೂ ಒಪ್ಪುವಂಥ ವಾದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಲ್ಲಿಂದ ತೆಗೆದ ಹತ್ತಿ ಕಡ್ಡಿಯಲ್ಲಿ ಒಂದೇ ಬ್ಯಾಕ್ಟೀರಿಯಾ ಇರುವುದಿಲ್ಲ, ದೊಡ್ಡ ಜಾತ್ರೆಯೇ ಇರುತ್ತದೆ. ಒಬ್ಬರನ್ನೇ ಹಿಡಿದು ಪ್ರಶ್ನೆ ಕೇಳಬೇಕಾದರೆ ಮೊದಲು ಗುಂಪಿನಿಂದ ಬೇರೆ ಮಾಡಬೇಕು. ಇದಕ್ಕೆ ಬಳಸುವ ವಿಧಾನ ನೂರು ವರ್ಷಕ್ಕಿಂತ ಹಳೆಯದು. ನನಗಂತೂ ಇಡೀ ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಇಷ್ಟು ಸರಳವಾದ, ಇಷ್ಟು ಚೆಂದದ ಕೆಲಸ ಇನ್ನೊಂದಿಲ್ಲ ಅನ್ನಿಸುತ್ತದೆ. ಒಂದು ತಂತಿ, ಅದರ ತುದಿಯಲ್ಲಿ ಪುಟ್ಟ ಬಳೆ. ಅದನ್ನು ಉರಿಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಮಾದರಿಗೆ ಮುಟ್ಟಿಸಿ, ಗಟ್ಟಿಯಾದ ಪೋಷಕಾಂಶದ ತಟ್ಟೆಯ ಒಂದು ಅಂಚಿನಲ್ಲಿ ನಾಲ್ಕು ಗೆರೆ ಎಳೆಯುತ್ತಾರೆ. ಮತ್ತೆ ಕಾಯಿಸಿ, ಆರಿಸಿ, ಈ ಗೆರೆಗಳ ತುದಿಯಿಂದ ಹೊಸ ಗೆರೆಗಳು. ಮತ್ತೊಮ್ಮೆ. ಇಂಕು ಮುಗಿಯುತ್ತಾ ಬಂದ ಪೆನ್ನಿನ ಹಾಗೆ ಪ್ರತಿ ಸಲವೂ ಬ್ಯಾಕ್ಟೀರಿಯಾ ಕಡಿಮೆಯಾಗುತ್ತಾ ಹೋಗುತ್ತದೆ. ಕೊನೆಯ ಗೆರೆಗಳಲ್ಲಿ ಅಲ್ಲೊಂದು ಇಲ್ಲೊಂದು ಜೀವಕೋಶ ಉಳಿಯುತ್ತದೆ. ಬೆಚ್ಚಗಿಟ್ಟರೆ ಆ ಒಂಟಿ ಜೀವಕೋಶ ಒಡೆದು ಎರಡಾಗಿ, ನಾಲ್ಕಾಗಿ, ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಇದನ್ನು ಕಾಲನಿ ಅನ್ನುತ್ತಾರೆ. ಒಂದು ಚುಕ್ಕೆಯಲ್ಲಿ ಒಂದೇ ಮನೆತನ.

ಇಲ್ಲೇ ಒಂದು ತೊಂದರೆಯೂ ಇದೆ. ಎಲ್ಲರೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಹಾವಿನ ಬಾಯಲ್ಲಿ ಆಗಾಗ ಸಿಗುವ ಪ್ರೋಟಿಯಸ್ ಅನ್ನುವ ಬ್ಯಾಕ್ಟೀರಿಯಾ ಒಂದೇ ರಾತ್ರಿಯಲ್ಲಿ ಅಲೆ ಅಲೆಯಾಗಿ ತಟ್ಟೆಯ ಮೇಲೆಲ್ಲ ಹರಡಿಬಿಡುತ್ತದೆ. ತ್ಸುಕಮುರೆಲ್ಲಾದಂಥವು ನಿಧಾನ. ಎರಡು ಮೂರು ದಿನ ಕಾದ ಮೇಲೆ ಒಣಗಿದ, ಸುಕ್ಕುಸುಕ್ಕಾದ ಚುಕ್ಕೆಗಳಾಗಿ ಕಾಣಿಸುತ್ತವೆ. ‘ನಿನ್ನೆ ಇಟ್ಟ ತಟ್ಟೆ, ಇವತ್ತು ನೋಡಿ ಆಯ್ತು’ ಅಂತ ಬಿಸಾಕಿದರೆ ಅವು ಇದ್ದವು ಅನ್ನುವುದೇ ಗೊತ್ತಾಗುವುದಿಲ್ಲ. ‘ಹೊಸ’ ಬ್ಯಾಕ್ಟೀರಿಯಾ ಇಷ್ಟು ದಿನ ಯಾಕೆ ಸಿಗಲಿಲ್ಲ ಅಂದರೆ, ಎಷ್ಟೋ ಸಲ ಯಾರೂ ಕಾಯಲಿಲ್ಲ ಅನ್ನುವುದೇ ಉತ್ತರ.

ಟಿಬಿಯಂತೆ ಕಾಣುವ ನೆಂಟ

ಚುಕ್ಕೆ ಸಿಕ್ಕಿತು. ಈಗ ಇದು ಯಾರು? ಮೊದಲ ಹೆಜ್ಜೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ತ್ಸುಕಮುರೆಲ್ಲಾ ವಿಷಯದಲ್ಲಿ ಈ ಮೊದಲ ಹೆಜ್ಜೆಯಲ್ಲೇ ಎಡವುವ ಸಾಧ್ಯತೆ ಜಾಸ್ತಿ.

ಕ್ಷಯದ ರೋಗಾಣುವನ್ನು ಗುರುತಿಸಲು ಒಂದು ಹಳೆಯ ಪರೀಕ್ಷೆ ಇದೆ. ಗಾಜಿನ ಮೇಲೆ ಕಫ ಸವರಿ ಕೆಂಪು ಬಣ್ಣ ಹಾಕಿ ಬಿಸಿ ಮಾಡುತ್ತಾರೆ. ಆಮೇಲೆ ಆಮ್ಲದಿಂದ ತೊಳೆಯುತ್ತಾರೆ. ಉಳಿದ ಬ್ಯಾಕ್ಟೀರಿಯಾಗಳ ಬಣ್ಣ ತೊಳೆದು ಹೋಗುತ್ತದೆ, ಕ್ಷಯದ ರೋಗಾಣು ಮಾತ್ರ ಕೆಂಪಾಗಿಯೇ ಉಳಿಯುತ್ತದೆ. ಅದರ ಗೋಡೆಯಲ್ಲಿ ಮೈಕೋಲಿಕ್ ಆಮ್ಲ ಅನ್ನುವ ಮೇಣದಂಥ ಉದ್ದುದ್ದ ಕೊಬ್ಬಿನ ಸರಪಳಿಗಳಿವೆ, ಅವು ಒಳಗೆ ಹೋದ ಬಣ್ಣವನ್ನು ಸುಲಭಕ್ಕೆ ಹೊರಗೆ ಬಿಡುವುದಿಲ್ಲ. ತ್ಸುಕಮುರೆಲ್ಲಾದ ಗೋಡೆಯಲ್ಲೂ ಅದೇ ಬಗೆಯ ಸರಪಳಿಗಳಿವೆ. ಹಾಗಾಗಿ ಅದೂ ಅರೆಬರೆ ಕೆಂಪಾಗಿ ಕಾಣುತ್ತದೆ. ಕೋಲಿನಂಥ ಆಕಾರವೂ ಸರಿಹೊಂದುತ್ತದೆ. ನೋಡುವವರು ಟಿಬಿ ಅಂದುಕೊಂಡರೆ ಆಶ್ಚರ್ಯವಿಲ್ಲ. ಶ್ವಾಸಕೋಶದಲ್ಲಿ ಈ ಕುಲದ ಬ್ಯಾಕ್ಟೀರಿಯಾ ಇದ್ದವರನ್ನು ಕ್ಷಯ ರೋಗಿಗಳು ಅಂತ ತಪ್ಪಾಗಿ ತಿಳಿದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಟಿಬಿ ಔಷಧಿ ಅಂದರೆ ತಿಂಗಳುಗಟ್ಟಲೆ ನುಂಗಬೇಕಾದ ಮಾತ್ರೆಗಳು. ಹೆಸರು ತಪ್ಪಿದರೆ ಅದರ ಬೆಲೆ ತೆರುವುದು ರೋಗಿಯ ಹೊಟ್ಟೆ, ರೋಗಿಯ ಯಕೃತ್ತು.

ಬ್ಯಾಕ್ಟೀರಿಯಾದ ಹೆಸರಿನ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ ಅಂತ ಯಾರಾದರೂ ಕೇಳಿದರೆ ನಾನು ಕೊಡುವ ಉತ್ತರ ಇದೇ. ಈ ಕುಲದ ಇತಿಹಾಸ ನೋಡಿದರೂ ಗೊತ್ತಾಗುತ್ತದೆ. ಇದರ ಮೊದಲ ಸದಸ್ಯ ಸಿಕ್ಕಿದ್ದು ತಿಗಣೆಯೊಳಗೆ. 1941ರಲ್ಲಿ ವಿವರಿಸುವಾಗ ಅದನ್ನು ಬೇರೊಂದು ಕುಲಕ್ಕೆ ಸೇರಿಸಿದ್ದರು. ಸರಿಯಾದ ಮನೆ ಸಿಗಲು 1988ರವರೆಗೆ ಕಾಯಬೇಕಾಯಿತು. 2003ರಲ್ಲಿ ಹಾಂಗ್‌ಕಾಂಗ್‌ನ ವೈದ್ಯರು ಇದೇ ಕುಲದ ಬ್ಯಾಕ್ಟೀರಿಯಾದಿಂದ ಕಣ್ಣು ಕೆಂಪಾಗಿ ಬಂದ ರೋಗಿಗಳ ಬಗ್ಗೆ ಬರೆದರು. ಅಂದರೆ ಹಾವಿನ ಬಾಯಲ್ಲಿ ಇದು ಸಿಗುವ ಹೊತ್ತಿಗೆ ಇದರ ನೆಂಟರಿಷ್ಟರನ್ನು ಹತ್ತಿರದಿಂದ ಬಲ್ಲವರು ಆ ಊರಿನಲ್ಲೇ ಇದ್ದರು. ಬೇರೆ ಕಡೆ ಆಗಿದ್ದರೆ ಸುಮ್ನೆ ‘ಇದ್ಯಾವುದೋ ಕಸ’ ಅಂತ ಬಿಟ್ಟುಬಿಡುತ್ತಿದ್ದರೇನೋ.

ಈಗಿನ ದೊಡ್ಡ ಲ್ಯಾಬುಗಳಲ್ಲಿ ಮಾಲ್ಡಿ-ಟಾಫ್ ಅನ್ನುವ ಯಂತ್ರ ಇರುತ್ತದೆ. ಕಾಲನಿಯ ಚೂರನ್ನು ಲೋಹದ ಹಲಗೆಯ ಮೇಲೆ ಸವರಿ, ಮೇಲೊಂದು ರಾಸಾಯನಿಕ ಹಾಕಿ, ಲೇಸರ್ ಹೊಡೆಯುತ್ತಾರೆ. ಪ್ರೋಟೀನುಗಳು ವಿದ್ಯುದಾವೇಶ ಪಡೆದ ಕಣಗಳಾಗಿ ಕೊಳವೆಯೊಳಗೆ ಹಾರುತ್ತವೆ. ಹಗುರವಾದವು ಮೊದಲು ತಲುಪುತ್ತವೆ, ಭಾರದವು ಆಮೇಲೆ. ಯಾವುದು ಯಾವಾಗ ತಲುಪಿತು ಅನ್ನುವುದರಿಂದ ಒಂದು ಗೆರೆಚಿತ್ರ ಮೂಡುತ್ತದೆ, ಬೆರಳಚ್ಚಿನ ಹಾಗೆ. ಕೆಲವೇ ನಿಮಿಷಗಳಲ್ಲಿ ಹೆಸರು ಪರದೆಯ ಮೇಲೆ ಬರುತ್ತದೆ. ಆದರೆ ಬೆರಳಚ್ಚು ಇಟ್ಟುಕೊಂಡ ಕಡತದಲ್ಲಿ ಆ ಆಸಾಮಿಯೇ ಇಲ್ಲದಿದ್ದರೆ? ಯಂತ್ರ ‘ಗೊತ್ತಿಲ್ಲ’ ಅನ್ನುತ್ತದೆ, ಅಥವಾ ಹತ್ತಿರದ ಯಾರದೋ ಹೆಸರು ಹೇಳುತ್ತದೆ. ಎರಡನೆಯದು ಹೆಚ್ಚು ಅಪಾಯ.

ಅಕ್ಷರ ಅಕ್ಷರ ಹೋಲಿಸಿ

ಕೊನೆಗೆ ಡಿಎನ್‌ಎಗೇ ಬರಬೇಕು. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ, ನಿಧಾನವಾಗಿ ಬದಲಾಗುವ ಒಂದು ಜೀನ್ ಇದೆ. ಹೆಸರು 16ಎಸ್, ಉದ್ದ ಸುಮಾರು 1,500 ಅಕ್ಷರ (ಡಿಎನ್‌ಎ ಸರಪಳಿಯ ಒಂದೊಂದು ಕೊಂಡಿಯನ್ನು ಒಂದು ಅಕ್ಷರ ಅನ್ನುತ್ತಾರೆ). 1977ರಲ್ಲಿ ಅಮೆರಿಕದ ವಿಜ್ಞಾನಿ ಕಾರ್ಲ್ ವೋಸ್ ಮತ್ತು ಸಂಗಡಿಗರು ಈ ಜೀನಿನಿಂದ ತಯಾರಾಗುವ ಆರ್‌ಎನ್‌ಎಯನ್ನು ಹೋಲಿಸಿ, ಬ್ಯಾಕ್ಟೀರಿಯಾ ಅಂದುಕೊಂಡಿದ್ದ ಕೆಲವು ಜೀವಿಗಳು ಬೇರೆಯದೇ ದೊಡ್ಡ ಬಳಗ ಅಂತ ತೋರಿಸಿದರು. ಅಲ್ಲಿಂದ ಈಚೆಗೆ 16ಎಸ್ ಬ್ಯಾಕ್ಟೀರಿಯಾಗಳ ಗುರುತಿನ ಚೀಟಿಯಾಯಿತು. ಎರಡು ಬ್ಯಾಕ್ಟೀರಿಯಾಗಳ ಈ ಜೀನ್ ಶೇ 97ಕ್ಕಿಂತ ಕಡಿಮೆ ಹೋಲಿದರೆ ಅವು ಬೇರೆ ಪ್ರಭೇದ ಅನ್ನುವ ಅಳತೆಗೋಲು 1994ರಲ್ಲಿ ಬಂತು. ಮುಂದೆ 2014ರಲ್ಲಿ ಅದನ್ನು ಶೇ 98.65ಕ್ಕೆ ಏರಿಸುವ ಸಲಹೆಯೂ ಬಂತು.

ಅಳತೆಗೋಲನ್ನೇ ಮೇಲಕ್ಕೆ ಜರುಗಿಸಬೇಕಾಯಿತು ಅಂದರೆ ಅದರಲ್ಲೇನೋ ಐಬಿದೆ ಅಂತಾಯಿತಲ್ವಾ? ಇದೆ. ಹೋಲಿಕೆ ಕಡಿಮೆ ಇದ್ದರೆ ಬೇರೆ ಪ್ರಭೇದ ಅಂತ ಧೈರ್ಯವಾಗಿ ಹೇಳಬಹುದು. ಹೋಲಿಕೆ ಜಾಸ್ತಿ ಇದ್ದರೆ ಒಂದೇ ಪ್ರಭೇದ ಅಂತ ಹೇಳಲಾಗುವುದಿಲ್ಲ. 1992ರಲ್ಲೇ ಬ್ಯಾಸಿಲಸ್ ಅನ್ನುವ ಕುಲದ ಎರಡು ಪ್ರಭೇದಗಳ 16ಎಸ್ ಬಹುತೇಕ ಒಂದೇ ಅಂತ ಕಂಡಿತ್ತು, ಆದರೆ ಅವುಗಳ ಇಡೀ ಡಿಎನ್‌ಎ ಸ್ಪಷ್ಟವಾಗಿ ಬೇರೆ ಬೇರೆ. ತ್ಸುಕಮುರೆಲ್ಲಾ ಮನೆತನದಲ್ಲೂ ಇದೇ ಪೇಚು. ಅಣ್ಣತಮ್ಮಂದಿರ 16ಎಸ್ ತೀರಾ ಹತ್ತಿರ. ಅದಕ್ಕೇ ಗ್ರೋಇಎಲ್‌ನಂಥ, ಸ್ವಲ್ಪ ಬೇಗ ಬದಲಾಗುವ ಬೇರೆ ಜೀನುಗಳನ್ನೂ ಪಕ್ಕದಲ್ಲಿಟ್ಟು ನೋಡುತ್ತಾರೆ. ಗ್ರೋಇಎಲ್ ಉಳಿದ ಪ್ರೋಟೀನುಗಳು ಸರಿಯಾಗಿ ಮಡಚಿಕೊಳ್ಳಲು ನೆರವಾಗುವ ಪ್ರೋಟೀನಿನ ಜೀನ್.

ನಿಜವಾದ ತೀರ್ಪು ಬರುವುದು ಇಡೀ ಡಿಎನ್‌ಎ ಹೋಲಿಸಿದಾಗ. ಮೊದಲು ಇದನ್ನು ಪ್ರಣಾಳದಲ್ಲೇ ಮಾಡುತ್ತಿದ್ದರು. ಎರಡು ಬ್ಯಾಕ್ಟೀರಿಯಾಗಳ ಡಿಎನ್‌ಎ ಬಿಸಿ ಮಾಡಿದರೆ ಜೋಡಿ ಎಳೆಗಳು ಬಿಡಿಯಾಗುತ್ತವೆ. ಬೆರೆಸಿ ತಣ್ಣಗೆ ಮಾಡಿದರೆ ಒಂದರ ಎಳೆ ಇನ್ನೊಂದರ ಎಳೆಗೆ ಎಷ್ಟರಮಟ್ಟಿಗೆ ಕೂಡಿಕೊಳ್ಳುತ್ತದೆ ಅಂತ ಅಳೆಯಬಹುದು. ಶೇ 70ಕ್ಕಿಂತ ಕಡಿಮೆಯಾದರೆ ಬೇರೆ ಪ್ರಭೇದ, ಇದು 1987ರಲ್ಲಿ ಒಪ್ಪಿಕೊಂಡ ಗೆರೆ. ಈಗ ಎರಡರ ಜೀನೋಮನ್ನೂ ಪೂರ್ತಿ ಓದಿ ಕಂಪ್ಯೂಟರಿನಲ್ಲಿ ಹೋಲಿಸುತ್ತಾರೆ. ಹಳೆಯ ಶೇ 70 ಅಕ್ಷರಗಳ ಹೋಲಿಕೆಯ ಈ ಹೊಸ ಲೆಕ್ಕದಲ್ಲಿ ಹೆಚ್ಚುಕಡಿಮೆ ಶೇ 95ರಿಂದ 96ಕ್ಕೆ ಸಮ.

ಈ ಗೆರೆಯನ್ನು ದೇವರು ಎಳೆದದ್ದಲ್ಲ ಅನ್ನುವುದು ಗೊತ್ತಿರಲಿ. ಇದೇ ಶೇ 95ರ ಅಳತೆಯನ್ನು ನಮಗೆ ಹಚ್ಚಿದರೆ ಮನುಷ್ಯ ಮತ್ತು ಚಿಂಪಾಂಜಿ ಒಂದೇ ಪ್ರಭೇದ! ಇನ್ನೊಂದು ಕಡೆ ಕರುಳಿನಲ್ಲಿ ಸಿಗುವ ಇ. ಕೋಲೈ ಮತ್ತು ಶಿಗೆಲ್ಲಾ ಅನ್ನುವ ಬ್ಯಾಕ್ಟೀರಿಯಾಗಳಿವೆ. ಡಿಎನ್‌ಎ ಕೇಳಿದರೆ ಎರಡೂ ಒಂದೇ ಅನ್ನುತ್ತದೆ, ಆದರೆ ಶಿಗೆಲ್ಲಾ ಅಂದರೆ ರಕ್ತಭೇದಿ ಅಂತ ವೈದ್ಯರಿಗೆ ತಕ್ಷಣ ಹೊಳೆಯಬೇಕು. ಅದಕ್ಕೇ ಎರಡು ಹೆಸರನ್ನೂ ಹಾಗೇ ಉಳಿಸಿಕೊಂಡಿದ್ದಾರೆ. ಪ್ರಭೇದ ಅನ್ನುವುದು ಸ್ವಲ್ಪ ಪ್ರಕೃತಿ, ಸ್ವಲ್ಪ ಒಪ್ಪಂದ.

ಇದರ ಜೊತೆಗೆ ಕೊಬ್ಬಿನಾಮ್ಲಗಳು ಯಾವುವು, ಯಾವ ಸಕ್ಕರೆ ತಿನ್ನುತ್ತದೆ, ಎಷ್ಟು ಉಪ್ಪು ತಡೆಯುತ್ತದೆ, ಯಾವ ಉಷ್ಣಾಂಶದಲ್ಲಿ ಬೆಳೆಯುತ್ತದೆ ಅಂತ ಉದ್ದನೆಯ ಕೋಷ್ಟಕವೂ ಬೇಕು. ಓದಲು ಬೇಜಾರು, ಮಾಡಲು ಇನ್ನೂ ಬೇಜಾರು. ಆದರೆ ಬಿಡುವಂತಿಲ್ಲ.

ಆಮೇಲೆ ನಾಮಕರಣ. ಒಂದು ಕಾಲದಲ್ಲಿ ಬ್ಯಾಕ್ಟೀರಿಯಾಗಳಿಗೆ ಬಾಯಿಗೆ ಬಂದ ಹೆಸರಿಟ್ಟು ಹತ್ತಾರು ಸಾವಿರ ಹೆಸರುಗಳ ರಾಶಿ ಬಿದ್ದಿತ್ತು. 1980ರ ಜನವರಿ 1ರಂದು ಅದನ್ನೆಲ್ಲ ಗುಡಿಸಿ ಎರಡು ಸಾವಿರ ಚಿಲ್ಲರೆ ಹೆಸರನ್ನು ಮಾತ್ರ ಉಳಿಸಿಕೊಂಡರು. ಅಲ್ಲಿಂದ ಶುರುವಾದ ಪಟ್ಟಿ ಈಗ ಇಪ್ಪತ್ತು ಸಾವಿರ ದಾಟಿದೆ. ಪಟ್ಟಿಗೆ ಸೇರಬೇಕಾದರೆ ಲೇಖನ ಬರೆದರಷ್ಟೇ ಸಾಲದು. ಆ ಹೆಸರಿಗೆ ಆಧಾರವಾದ ತಳಿಯನ್ನು ಜೀವಂತವಾಗಿ, ಎರಡು ಬೇರೆ ಬೇರೆ ದೇಶಗಳ ಬ್ಯಾಕ್ಟೀರಿಯಾ ಸಂಗ್ರಹಾಲಯಗಳಲ್ಲಿ ಇಡಬೇಕು. ಯಾರು ಕೇಳಿದರೂ ಕೊಡುವಂತಿರಬೇಕು. ‘ನೀವು ಹೇಳಿದ್ದು ಸರಿಯಾ, ನಾನೇ ನೋಡ್ತೀನಿ’ ಅನ್ನುವವರಿಗೆ ಬಾಗಿಲು ತೆರೆದಿರಬೇಕು. ಇದು ನನಗೆ ಬಹಳ ಇಷ್ಟವಾದ ನಿಯಮ.

ಈ ನಿಯಮಕ್ಕೆ ಈಗ ಸವಾಲೂ ಬಂದಿದೆ. ಪ್ರಪಂಚದ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ನಮ್ಮ ತಟ್ಟೆಗಳಲ್ಲಿ ಬೆಳೆಯುವುದೇ ಇಲ್ಲ, ಅವುಗಳ ಡಿಎನ್‌ಎ ಮಾತ್ರ ಸಿಗುತ್ತದೆ. ಅಂಥವಕ್ಕೆ ಡಿಎನ್‌ಎ ಆಧಾರದ ಮೇಲೇ ಹೆಸರಿಡಲು 2022ರಲ್ಲಿ ಸೀಕ್‌ಕೋಡ್ ಅನ್ನುವ ಬೇರೆ ನಿಯಮಾವಳಿ ಬಂತು. ಹಾವಿನ ಬಾಯಲ್ಲೂ ಇಂಥ ಬೆಳೆಯದ ಜೀವಿಗಳು ಇದ್ದೇ ಇರುತ್ತವೆ. ಆದರೆ ವಿಷದ ಜೊತೆ ಬದುಕುತ್ತದಾ, ಯಾವ ಔಷಧಿಗೆ ಬಗ್ಗುತ್ತದೆ ಅಂತ ಪರೀಕ್ಷಿಸಬೇಕಾದರೆ ಜೀವಂತ ಬ್ಯಾಕ್ಟೀರಿಯಾ ಕೈಯಲ್ಲಿ ಇರಲೇಬೇಕು. ಹಾಗಾಗಿ ಆಸ್ಪತ್ರೆಯ ದೃಷ್ಟಿಯಿಂದ ನನ್ನ ಓಟು ಹಳೆಯ ತಟ್ಟೆಗೇ.

ಹೆಸರು ಹೇಳದೆ ಬಿಟ್ಟದ್ದು

ಈಗ ಸುದ್ದಿಯ ತಲೆಬರಹಕ್ಕೆ ವಾಪಸ್ ಬರೋಣ. ಹೊಸ ಪ್ರಭೇದ ಅಂತ ಪ್ರಕಟವಾದಾಗ ಸಾಬೀತಾಗಿರುವುದು ಒಂದೇ ವಿಷಯ: ಇದು ಹಿಂದೆ ಹೆಸರಿಟ್ಟ ಯಾವುದೂ ಅಲ್ಲ. ಇದು ಅಪಾಯಕಾರಿ ಅಂತ ಸಾಬೀತಾಗಿಲ್ಲ. ಇದು ಹಾವಿನ ಬಾಯಲ್ಲೇ ಮನೆ ಮಾಡಿಕೊಂಡಿದೆ ಅಂತಲೂ ಸಾಬೀತಾಗಿಲ್ಲ. ಆ ಇಲಿಯ ಕಥೆ ನೆನಪಿದೆಯಲ್ಲ? ಹತ್ತಿ ಕಡ್ಡಿಗೆ ಅಂಟಿದ್ದು ಮನೆಯ ಯಜಮಾನನೋ, ಊಟದ ಜೊತೆ ಬಂದ ಅತಿಥಿಯೋ, ಮಣ್ಣಿನಿಂದ ಹತ್ತಿಕೊಂಡ ದಾರಿಹೋಕನೋ ಅಂತ ಹೆಸರು ಹೇಳುವುದಿಲ್ಲ. ತ್ಸುಕಮುರೆಲ್ಲಾ ಕುಲದವು ಮಣ್ಣಿನಲ್ಲೂ ಸಿಗುತ್ತವೆ. ಬೇರೆ ಬೇರೆ ಜಾಗದ, ಬೇರೆ ಬೇರೆ ಋತುವಿನ, ಕಾಡಿನ ಮತ್ತು ಪಂಜರದ ಹಾವುಗಳನ್ನು ನೋಡದೆ ಅದನ್ನು ತೀರ್ಮಾನಿಸಲಾಗದು. ‘ಸರ್ಪೆಂಟಿಸ್’ ಅನ್ನುವುದು ಸಿಕ್ಕ ವಿಳಾಸ, ಹುಟ್ಟೂರು ಅಲ್ಲದೆಯೂ ಇರಬಹುದು.

ಪ್ರಾಣಿಗಳ ಬಾಯಿಯ ಬಗ್ಗೆ ನಾವು ಅವಸರಪಟ್ಟು ಕಥೆ ಕಟ್ಟಿ ಕೈ ಸುಟ್ಟುಕೊಂಡದ್ದೂ ಇದೆ. ಇಂಡೊನೇಷ್ಯಾದ ದೈತ್ಯ ಉಡ ಕೊಮೊಡೊ ಡ್ರ್ಯಾಗನ್ ಬಾಯಲ್ಲಿರುವ ಕೊಳಕು ಬ್ಯಾಕ್ಟೀರಿಯಾಗಳಿಂದಲೇ ಬೇಟೆಯನ್ನು ಕೊಲ್ಲುತ್ತದೆ ಅಂತ ದಶಕಗಳ ಕಾಲ ಎಲ್ಲರೂ ಹೇಳುತ್ತಿದ್ದರು. 2009ರಲ್ಲಿ ಅದರ ದವಡೆಯಲ್ಲಿ ವಿಷದ ಗ್ರಂಥಿ ಇದೆ ಅಂತ ಸಂಶೋಧಕರು ತೋರಿಸಿದರು. 2013ರಲ್ಲಿ ಬಾಯಿಯ ಬ್ಯಾಕ್ಟೀರಿಯಾಗಳನ್ನು ಸರಿಯಾಗಿ ಪರೀಕ್ಷಿಸಿದರೆ ಉಳಿದ ಮಾಂಸಾಹಾರಿಗಳಲ್ಲಿ ಇರುವಂಥವೇ ಸಿಕ್ಕವು. ದಶಕಗಳ ಕಥೆ ಅಲ್ಲಿಗೆ ಬಿತ್ತು.

ಹಾವಿನ ವಿಷಯದಲ್ಲಿ ಉಲ್ಟಾ ಕಥೆ ಇತ್ತು. ವಿಷ ಪೂರ್ತಿ ಶುದ್ಧ, ಅದರಲ್ಲಿ ಬ್ಯಾಕ್ಟೀರಿಯಾ ಬದುಕುವುದೇ ಇಲ್ಲ ಅನ್ನುವುದು. ಅದಕ್ಕೆ ಆಧಾರವೂ ಇತ್ತು. ಹಲವು ಹಾವುಗಳ ವಿಷದಲ್ಲಿ ಅಮೈನೊ ಆಮ್ಲವನ್ನು ಒಡೆದು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುವ ಕಿಣ್ವ ಇದೆ. ಗಾಯ ತೊಳೆಯುವಾಗ ನೊರೆ ಬರುತ್ತದಲ್ಲ, ಅದೇ ಪೆರಾಕ್ಸೈಡ್. ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿ ಅದು ಗಟ್ಟಿ. ಆದರೆ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆಫ್ರಿಕಾದ ವಿಷ ಉಗುಳುವ ನಾಗರಹಾವಿನ ವಿಷದಿಂದಲೇ ಎಂಟೆರೊಕಾಕಸ್ ಫೀಕಾಲಿಸ್ ಅನ್ನುವ ಬ್ಯಾಕ್ಟೀರಿಯಾವನ್ನು ಬೆಳೆಸಿತು. ವಿಷವನ್ನು ತಾಳಿಕೊಳ್ಳಲು ನೆರವಾಗಬಹುದಾದ ಜೀನುಗಳು ಅದರಲ್ಲಿ ಕಂಡವು. ಆಸ್ಪತ್ರೆಗಳಿಗೆ ಈ ಬ್ಯಾಕ್ಟೀರಿಯಾ ಹೊಸದೇನಲ್ಲ. ಅಲ್ಲಿ ‘ಹೊಸ’ ಆಗಿದ್ದು ಪ್ರಭೇದವಲ್ಲ, ಅದರ ಬದುಕುವ ಜಾಗ. ನನ್ನನ್ನು ಕೇಳಿದರೆ ಹೊಸ ಹೆಸರಿಗಿಂತ ಈ ಸಂಗತಿಯೇ ದೊಡ್ಡ ಸುದ್ದಿ.

ಹಾವು ಕಡಿಸಿಕೊಂಡವರಿಗೆ ಇದರಿಂದ ಏನು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 54 ಲಕ್ಷ ಜನರಿಗೆ ಹಾವು ಕಡಿಯುತ್ತದೆ, 81 ಸಾವಿರದಿಂದ 1.38 ಲಕ್ಷ ಜನ ಸಾಯುತ್ತಾರೆ. ಅವರನ್ನು ಕೊಲ್ಲುವುದು ಮುಖ್ಯವಾಗಿ ವಿಷ, ಬ್ಯಾಕ್ಟೀರಿಯಾ ಅಲ್ಲ. ಮೊದಲು ಬೇಕಾದದ್ದು ಆಂಟಿವೆನಮ್. ಹಾಗಂತ ಬ್ಯಾಕ್ಟೀರಿಯಾವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಚೀನೀ ನಾಗರಹಾವಿನ ವಿಷ ಕಡಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಸತ್ತ ಮಾಂಸದಲ್ಲಿ ಬ್ಯಾಕ್ಟೀರಿಯಾಗೆ ಹಬ್ಬ. ತೈವಾನಿನ ವೈದ್ಯರು ಇಂಥ ಗಾಯಗಳಲ್ಲಿ ಮತ್ತೆ ಮತ್ತೆ ಕಂಡದ್ದು ಮಾರ್ಗನೆಲ್ಲಾ ಮಾರ್ಗನಿ ಮತ್ತು ಅದೇ ಎಂಟೆರೊಕಾಕಸ್ ಫೀಕಾಲಿಸ್.

ಆದರೆ ಹಾವು ಕಡಿದ ಎಲ್ಲರಿಗೂ ಸುಮ್ನೆ ಆಂಟಿಬಯಾಟಿಕ್ ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಮಾರ್ಗಸೂಚಿ ಒಪ್ಪುವುದಿಲ್ಲ. ಗಾಯವನ್ನು ಬ್ಲೇಡಿನಿಂದ ಕೊಯ್ದಿದ್ದರೆ, ಮಾಂಸ ಕೊಳೆಯುತ್ತಿದ್ದರೆ, ಸೋಂಕಿನ ಲಕ್ಷಣ ಕಂಡರೆ ಆಗ ಕೊಡಬೇಕು. ಹೊಸ ಬ್ಯಾಕ್ಟೀರಿಯಾದ ಸುದ್ದಿ ಓದಿ ಎಲ್ಲರಿಗೂ ಇನ್ನೊಂದು ಮಾತ್ರೆ ಬರೆಯುವುದು ಬೇಡದ ಕೆಲಸ. ಕೊಳೆತ ಗಾಯದಿಂದ ಮಾದರಿ ತೆಗೆದು, ತಟ್ಟೆಯನ್ನು ಒಂದೇ ದಿನಕ್ಕೆ ಬಿಸಾಕದೆ ಇನ್ನೆರಡು ದಿನ ಇಟ್ಟು ನೋಡುವುದು ಬೇಕಾದ ಕೆಲಸ.

ಹಾಗೆ ಇಟ್ಟು ನೋಡಿದ ಯಾವುದೋ ಲ್ಯಾಬಿನಲ್ಲಿ ಮೂರನೇ ದಿನ ಒಣಕಲು, ಸುಕ್ಕುಸುಕ್ಕು ಚುಕ್ಕೆಯೊಂದು ಕಂಡಿತು ಅಂದುಕೊಳ್ಳಿ. ಬಣ್ಣ ಹಚ್ಚಿದರೆ ಅರೆಬರೆ ಕೆಂಪು. ಟಿಬಿಯಾ ಅಂತ ಎದೆ ಧಸಕ್ ಅನ್ನುತ್ತದೆ. ಕಫದ್ದಲ್ಲ, ಹಾವು ಕಡಿದ ಗಾಯದ್ದು ಅಂತ ಚೀಟಿ ಹೇಳುತ್ತದೆ. 2016ಕ್ಕೆ ಮೊದಲು ಅಲ್ಲಿ ಕೂತವರಿಗೆ ಹೋಲಿಸಿ ನೋಡಲು ಹಾವಿನ ಬಾಯಿಯ ತ್ಸುಕಮುರೆಲ್ಲಾ ಅನ್ನುವುದೇ ಇರಲಿಲ್ಲ. ಈಗ ಒಂದು ಹೆಸರಿದೆ, ಪಕ್ಕದಲ್ಲಿಟ್ಟು ನೋಡಲು ಜೀನಿನ ಅಕ್ಷರಗಳಿವೆ, ಬೇಕೆಂದರೆ ತರಿಸಿಕೊಳ್ಳಲು ಎರಡು ದೇಶಗಳ ಸಂಗ್ರಹಾಲಯಗಳಲ್ಲಿ ಜೀವಂತ ತಳಿಯೇ ಇದೆ.